ಮೂಗು ಇದೆ ಎಂದ ಗಿಡ

ನಮ್ಮ ಕಂಟ್ರೋಲ್ ರೂಮಿನಲ್ಲಿ ಗಿಡ ನೋಡುವವರು ಯಾರೂ ಇಲ್ಲ. ನಗಬೇಡಿ, ನಿಜವಾಗಿಯೂ ಇಲ್ಲ. ಕರೇಕಲ್ಲ ಗುಡ್ಡದ ಸಸ್ಯ ಸಮೀಕ್ಷೆ ಮಾಡುವುದು ನಮ್ಮ ಕೆಲಸ, ಸಂಬಳ ಬರುವುದೂ ಅದಕ್ಕೇ. ಆದರೆ ಗುಡ್ಡ ಹತ್ತಿ, ಎಲೆ ಮುಟ್ಟಿ, ಹೂವು ಬಿಡಿಸಿ ನೋಡುವ ಕಾಲ ಹೋಯಿತು. ಈಗ ಮೂಗು ಹೇಳುತ್ತದೆ, ನಾವು ಬರೆದುಕೊಳ್ಳುತ್ತೇವೆ.

ಮೂಗು ಅಂದರೆ ಯಂತ್ರ. ಕಾಗದದ ಮೇಲೆ ಅದಕ್ಕೆ ಮಾರುದ್ದದ ಹೆಸರಿದೆ, ನಮ್ಮ ಬಾಯಲ್ಲಿ ಬರೀ ಮೂಗು. ಆಳೆತ್ತರದ ಕಂಬ, ತುದಿಯಲ್ಲೊಂದು ಜರಡಿ, ಒಳಗೊಂದು ಫ್ಯಾನು. ದಿನವಿಡೀ ಗಾಳಿ ಎಳೆದುಕೊಳ್ಳುತ್ತಿರುತ್ತದೆ. ಗಾಳಿಯಲ್ಲಿ ಏನಿಲ್ಲ ಹೇಳಿ? ಪರಾಗ, ಒಣಗಿದೆಲೆಯ ಪುಡಿ, ಬೇರಿನ ಸಿಪ್ಪೆ, ಎಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಚೂರು. ಪ್ರತಿ ಚೂರಿನಲ್ಲೂ ಆ ಗಿಡದ ಡಿಎನ್‌ಎ ಇರುತ್ತದೆ. ಮೂಗು ಅದನ್ನು ಓದಿ, ಇದು ಇಂಥ ಗಿಡ, ಇಷ್ಟು ಪ್ರಮಾಣ ಅಂತ ಪರದೆಯ ಮೇಲೆ ಹಾಕುತ್ತದೆ. ಹತ್ತು ಜನ ಹತ್ತು ವರ್ಷ ಅಲೆದು ಮಾಡುವ ಸಮೀಕ್ಷೆಯನ್ನು ಒಂದು ಮಳೆಗಾಲದಲ್ಲಿ ಮಾಡಿ ಮುಗಿಸುತ್ತದೆ. ಅದರ ಜಾಣತನದ ಬಗ್ಗೆ ನನಗೆ ತಕರಾರಿಲ್ಲ.

ಒಂದೇ ಒಂದು ಸಂಗತಿ ಅದಕ್ಕೆ ತಿಳಿಯುವುದಿಲ್ಲ. ಸಿಕ್ಕ ಚೂರು ಬದುಕಿರುವ ಗಿಡದ್ದೋ, ಸತ್ತು ಮಣ್ಣಾದದ್ದರದೋ ಅಂತ. ಅದನ್ನು ಮಳೆಸೀಮೆಯಲ್ಲಿ ಪರೀಕ್ಷೆ ಮಾಡಿದ್ದರು. ಅಲ್ಲಿ ನೆಲ ಹಸಿ, ಸತ್ತದ್ದು ಬೇಗ ಕೊಳೆಯುತ್ತದೆ, ಹಾಗಾಗಿ ಸಿಕ್ಕಿದ್ದೆಲ್ಲ ಬದುಕಿರುವ ಗಿಡದ್ದೇ ಅಂತ ತಿಳಿದರೂ ತಪ್ಪಾಗುತ್ತಿರಲಿಲ್ಲ. ನಮ್ಮ ಬಿಸಿಲುಸೀಮೆಯ ಒಣ ಧೂಳಿನಲ್ಲಿ ಸತ್ತ ಗಿಡದ ಚೂರು ವರ್ಷಗಟ್ಟಲೆ ಹಾಗೇ ಕೂತಿರುತ್ತದೆ. ಇದನ್ನು ನಾನು ಮೀಟಿಂಗಿನಲ್ಲಿ ಎರಡು ಸಲ ಹೇಳಿದೆ. ಎರಡನೇ ಸಲ ಚಹಾ ಬಂತು, ಮಾತು ಅಲ್ಲಿಗೇ ನಿಂತಿತು. ಅಷ್ಟರಲ್ಲಿ ಸರಕಾರ ಕಾಯಿದೆಯನ್ನೂ ಮಾಡಿಯಾಗಿತ್ತು: ರಕ್ಷಿತ ಪ್ರದೇಶದಲ್ಲಿ ಯಾವ ಗಿಡ ಇದೆ, ಯಾವುದಿಲ್ಲ ಅನ್ನುವುದಕ್ಕೆ ಮೂಗಿನ ಮಾತೇ ಕೊನೆಯ ಮಾತು.

ನಾಲ್ಕು ವರ್ಷದ ಹಿಂದೆ ಗುಡ್ಡದ ಪಡುವಣ ಮಗ್ಗುಲಿನ ಮೂಗು ಯಾವ ಪಟ್ಟಿಯಲ್ಲೂ ಇಲ್ಲದ ಗಿಡವೊಂದರ ಚೂರು ಹಿಡಿಯಿತು. ಹುಡುಕಿಕೊಂಡು ಹೋದರೆ ಗಿಡವೂ ಸಿಕ್ಕಿತು. ಬೆರಳುದ್ದದ್ದು, ನೆಲಕ್ಕೆ ಅಂಟಿಕೊಂಡು ಬೆಳೆಯುವಂಥದು, ಮಳೆ ಬಿದ್ದ ಮೇಲೆ ಸ್ವಲ್ಪ ದಿನ ಇದ್ದು ಒಣಗಿಹೋಗುವಂಥದು. ಸಂಜೆ ಹೊತ್ತು ಬಿಳಿ ಹೂವು ಬಿಡುತ್ತದೆ. ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲವಂತೆ. ನೆಲದೀಪ ಅಂತ ಹೆಸರಿಟ್ಟರು, ಪೇಪರಿನಲ್ಲಿ ಬಂತು, ಹೊರಗಿನಿಂದ ಅನುದಾನ ಬಂತು. ಅದರ ಹಿಂದೆಯೇ ತಂತಿಬೇಲಿ ಬಂತು. ಬೇಲಿಯೊಳಗೆ ಮನುಷ್ಯ ಹೋಗುವಂತಿಲ್ಲ, ದನ ಕುರಿ ಹೋಗುವಂತಿಲ್ಲ.

ಆ ಮಗ್ಗುಲಿನಲ್ಲಿ ಮಳೆಗಾಲದುದ್ದಕ್ಕೂ ಕುರಿಹಟ್ಟಿ ಹಾಕಿಕೊಂಡು ಇರುತ್ತಿದ್ದವರು ನಮ್ಮಪ್ಪ ಕರೆಪ್ಪ, ನಮ್ಮವ್ವ, ನನ್ನ ತಮ್ಮ ಮೈಲಾರಿ. ಅಪ್ಪನ ಅಪ್ಪನೂ ಅಲ್ಲೇ ಹಟ್ಟಿ ಹಾಕಿದವನು. ಮನೆಯಲ್ಲಿ ಓದಿದವಳು ನಾನೊಬ್ಬಳು, ಹಾಲವ್ವ, ಸಸ್ಯಶಾಸ್ತ್ರದಲ್ಲಿ ಎಂಎಸ್ಸಿ. ಆ ಹೆಮ್ಮೆಗೆ ಅಪ್ಪ ಊರೆಲ್ಲ ಮಂಡಕ್ಕಿ ಹಂಚಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಗಿಡ ಅಪರೂಪದ್ದು ಅಂತ ಗೊತ್ತಾದ ಕೂಡಲೇ ಕುರುಬರನ್ನು ಹೊರಗೆ ಹಾಕಿದರು.

ಅಪ್ಪನಿಗೆ ಆ ಗಿಡದ ಫೋಟೋ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿ, ಯಾವುದೋ ಹುಲ್ಲಿರಬೇಕು ತಗಿ ಅಂದ. ಅವನಿಗೆ ಗೊತ್ತೇ ಇರಲಿಲ್ಲ. ಮೂಲಿಕೆಗಳ ಗುಟ್ಟು ಬಲ್ಲ ಮುದಿ ಕುರುಬ ಅಂತ ಟಿವಿಯವರು ಹುಡುಕಿಕೊಂಡು ಬಂದು, ಅವನಿಂದ ಏನೂ ಹೊರಡದೆ, ಅವನ ಕಂಬಳಿಯ ಫೋಟೋ ತೆಗೆದುಕೊಂಡು ಹೋದರು. ಕುರಿ ಏನು ತಿಂದರೆ ಹೊಟ್ಟೆ ಉಬ್ಬುತ್ತದೆ, ಏನು ತಿಂದರೆ ಉಬ್ಬುವುದಿಲ್ಲ, ಅಷ್ಟೇ ಅವನ ವಿದ್ಯೆ. ಅಷ್ಟಕ್ಕೇ ಹಿಂಡು ಬದುಕಿತ್ತು, ಹಿಂಡಿನಿಂದ ನಾವು ಬದುಕಿದ್ದೆವು.

ಬೇಲಿ ಬಂದ ಮೇಲೆ ಅವರು ಬೈಪಾಸ್ ರಸ್ತೆಯ ಪಕ್ಕದ ಬಯಲಿಗೆ ಬಂದರು. ಒಂದು ಕಡೆ ಲಾರಿಗಳು, ಇನ್ನೊಂದು ಕಡೆ ಹತ್ತಿ ಹೊಲ. ಹತ್ತಿಗೆ ವಾರಕ್ಕೊಮ್ಮೆ ಔಷಧಿ ಹೊಡೆಯುತ್ತಾರೆ. ಬದುವಿನ ಹುಲ್ಲು ಮೇಯ್ದ ಕುರಿ ಬಾಯಲ್ಲಿ ನೊರೆ ಕಾರಿ ಬೀಳುತ್ತದೆ. ಭಾನುವಾರ ನಾನು ಹೋದಾಗಲೆಲ್ಲ ಅವ್ವ ಸತ್ತ ಕುರಿಗಳ ಸುದ್ದಿ ಹೇಳುತ್ತಿದ್ದಳು, ನೆಂಟರ ಸಾವು ಹೇಳುವ ಹಾಗೆ, ಒಂದೊಂದರ ಬಣ್ಣ, ಗುಣ ಎಲ್ಲ ಸೇರಿಸಿ. ಮೈಲಾರಿ ಹಿಂಡು ಮಾರಿ ಗೂಡ್ಸ್ ಗಾಡಿ ತಗೊಳ್ಳೋಣ ಅಂತ ಹಟ ಹಿಡಿದ. ಕೊನೆಗೆ ಮನೆಯಲ್ಲಿ ಒಂದು ಮಾತಾಯಿತು. ಬರುವ ಮಳೆಗಾಲಕ್ಕೆ ಗುಡ್ಡದ ಬಾಗಿಲು ತೆರೆದರೆ ಹಿಂಡು ಉಳಿಯುತ್ತದೆ, ಇಲ್ಲದಿದ್ದರೆ ಸಂತೆಗೆ ಹೋಗುತ್ತದೆ. ಅಪ್ಪ ಒಪ್ಪಿಕೊಂಡ. ಬಾಗಿಲು ತೆರೆದೇ ತೆರೆಯುತ್ತದೆ ಅಂತ ಅವನಿಗೆ ಯಾಕೋ ಪೂರ್ತಿ ನಂಬಿಕೆಯಿತ್ತು.

ನನಗೂ ಒಂದು ದಾರಿ ಕಂಡಿತ್ತು. ಸಮೀಕ್ಷೆಯ ಹೆಸರಿನಲ್ಲಿ ಪರವಾನಗಿ ತೆಗೆದುಕೊಂಡು, ಹಿಂದಿನ ಸಲದ ಮಳೆ ಬಿದ್ದ ಮೇಲೆ ಒಬ್ಬಳೇ ಬೇಲಿಯೊಳಗೆ ಹೋಗಿದ್ದೆ. ಇಳಿಜಾರಿನ ತುಂಬ ಮೊಣಕಾಲುದ್ದ ಹುಲ್ಲು. ನೆಲದೀಪ ಒಂದೂ ಇಲ್ಲ. ಮೊದಲ ವರ್ಷ ಅದು ಸಿಕ್ಕ ಜಾಗಗಳನ್ನು ನಕಾಶೆಯಲ್ಲಿ ನೋಡಿ ಒಂದೊಂದಾಗಿ ಹುಡುಕಿದೆ. ಎಲ್ಲ ಜಾಗವೂ ನನಗೆ ಗೊತ್ತಿದ್ದವೇ. ಯಾವ್ಯಾವ ವರ್ಷ ಅಪ್ಪ ಎಲ್ಲೆಲ್ಲಿ ಹಟ್ಟಿ ಹಾಕಿದ್ದನೋ ಅಲ್ಲಿಯೇ ಆ ಗಿಡ ಬಂದಿತ್ತು. ಅದರ ಬೀಜಕ್ಕೆ ಕಲ್ಲಿನಂಥ ಸಿಪ್ಪೆ. ಕುರಿಯ ಗೊರಸು ತುಳಿದು ಸಿಪ್ಪೆ ಗೀರಬೇಕು, ಹಿಕ್ಕೆಯ ಗೊಬ್ಬರ ಬೀಳಬೇಕು, ಮೇಲೆ ಹುಲ್ಲಿನ ನೆರಳು ಇರಬಾರದು. ಆಗ ಮಾತ್ರ ಮೊಳೆಯುತ್ತದೆ. ಯಾವುದರ ಸಲುವಾಗಿ ಕುರಿಗಳನ್ನು ಓಡಿಸಿದ್ದರೋ ಅದು ಕುರಿಗಳ ಕಾಲಡಿಯಲ್ಲೇ ಬದುಕಿದ್ದ ಗಿಡ. ಆ ಹುಲ್ಲಿನಲ್ಲಿ ನಿಂತು ನನಗೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ.

ವಾಪಸು ಬಂದು ನಮ್ಮ ನಿರ್ದೇಶಕಿ ಮುಕ್ತಾ ಜಮಖಂಡಿ ಮೇಡಂ ಮುಂದೆ ಎಲ್ಲ ಹೇಳಿದೆ. ಮೇಡಂ ಕೆಟ್ಟವರಲ್ಲ. ಮೊದಲೇ ಹೇಳಿಬಿಡುತ್ತೇನೆ, ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅವರು ಪರದೆ ನನ್ನ ಕಡೆ ತಿರುಗಿಸಿದರು. ನೆಲದೀಪದ ಪ್ರಮಾಣ ತೋರಿಸುವ ಗೆರೆ ಕುರಿಗಳಿದ್ದ ಕಾಲಕ್ಕಿಂತ ಮೇಲೇರಿತ್ತು. ನಿಮ್ಮ ಕಣ್ಣಿಗೆ ಬಿದ್ದಿಲ್ಲ ಅಷ್ಟೇ, ಮೂಗಿಗೆ ಸಿಕ್ಕಿದೆಯಲ್ಲ ಅಂದರು. ಕುರಿ ಹೋದ ಮೇಲೆ ಗಿಡ ಚಿಗುರಿದೆ ಅಂತ ಅವರು ಆಗಲೇ ವರದಿ ಕಳಿಸಿಯಾಗಿತ್ತು.

ಇಲ್ಲದ ಗಿಡದ ಗೆರೆ ಏರುವುದು ಹೇಗೆ? ದಿನದಿನದ ಲೆಕ್ಕ ಬಿಡಿಸಿ ನೋಡಿದೆ. ಗೆರೆ ಸುಮ್ಮನೆ ಏರಿರಲಿಲ್ಲ. ತಿಂಗಳಿಗೊಮ್ಮೆ ದಿಢೀರನೆ ಎದ್ದು, ಆಮೇಲೆ ಮೆಲ್ಲಗೆ ಇಳಿಯುತ್ತಿತ್ತು. ಏಳುವ ದಿನಗಳನ್ನು ಗೋಡೆಯ ಕ್ಯಾಲೆಂಡರಿನ ಜೊತೆ ಹೋಲಿಸಿದರೆ ಎಲ್ಲವೂ ಅಮಾವಾಸ್ಯೆ. ಗಿಡಕ್ಕೆ ಅಮಾವಾಸ್ಯೆ ಯಾರು ಹೇಳಿಕೊಟ್ಟರು?

ಮುಂದಿನ ಅಮಾವಾಸ್ಯೆಯ ಬೆಳಗ್ಗೆ ಪಡುವಣ ಬೇಲಿಯ ಹತ್ತಿರ ಹೋದೆ. ಅಲ್ಲಿ ಬೇಲಿಯ ಹೊರಗೆ ನಮ್ಮ ಕುಲದೇವರು ಬೀರಪ್ಪನ ಕಲ್ಲಿದೆ, ಒಳಗೆ ಕೂಗಳತೆಯಲ್ಲಿ ಮೂಗಿನ ಕಂಬ. ಕಲ್ಲಿನ ಮುಂದೆ ತಲೆಗೆ ಪಟಕಾ ಸುತ್ತಿದ ಒಬ್ಬ ಮುದುಕ ಹೆಗಲಿನಿಂದ ಚೀಲ ಇಳಿಸುತ್ತಿದ್ದ. ಹತ್ತಿರ ಹೋಗುವ ಮೊದಲೇ ಗುರುತು ಸಿಕ್ಕಿತು, ನಮ್ಮಪ್ಪ.

ನಮ್ಮ ಮನೆತನದಲ್ಲಿ ಒಂದು ಪದ್ಧತಿಯಿದೆ. ಹಟ್ಟಿ ಕೀಳುವಾಗ ಅಲ್ಲಿನ ಧೂಳನ್ನು ಕೆರೆದು ಚೀಲ ತುಂಬಿಕೊಂಡು ಹೋಗುತ್ತೇವೆ. ಕುರಿ ತುಳಿದು ನುಣ್ಣಗಾದ ಹಿಕ್ಕೆ, ಉಣ್ಣೆ, ಮಣ್ಣು ಎಲ್ಲ ಸೇರಿದ ಧೂಳು. ಅದು ಹಿಂಡಿನ ಭಾಗ್ಯ, ಬಿಟ್ಟು ಹೋಗಬಾರದು. ಅಮಾವಾಸ್ಯೆಗೆ ಅದರಲ್ಲೊಂದು ಬೊಗಸೆ ಬೀರಪ್ಪನಿಗೆ ಎರಚಬೇಕು. ಈ ಪದ್ಧತಿ ನನಗೆ ಗೊತ್ತಿತ್ತು. ಆದರೆ ಗುಡ್ಡ ಬಿಟ್ಟು ಬೈಪಾಸಿಗೆ ಬಿದ್ದ ಮೇಲೂ ಅಪ್ಪ ತಿಂಗಳು ತಿಂಗಳು ಬಸ್ಸು ಹಿಡಿದು ಇಲ್ಲಿಗೆ ಬರುತ್ತಾನೆ ಅಂತ ಕನಸಿನಲ್ಲೂ ಎಣಿಸಿರಲಿಲ್ಲ. ಒಂದಲ್ಲ, ಹತ್ತಾರು ಬೊಗಸೆ ಎರಚಿದ. ಪಡುವಣ ಗಾಳಿ ಅದನ್ನು ಎತ್ತಿಕೊಂಡು ನೇರ ಕಂಬದ ಕಡೆಗೆ ಹೋಯಿತು.

ಯಾಕಪ್ಪ ಇಷ್ಟೊಂದು ಅಂತ ಕೇಳಿದೆ.

"ಗುಡ್ಡ ನಮ್ಮನ್ನ ಮರೀಬಾರ್ದಲ್ಲವ್ವ," ಅಂದ. "ಕುರೀ ವಾಸನಿ ಇರಲಿ ಅದಕ್ಕ. ಬೀರಪ್ಪ ಇವತ್ತಲ್ಲ ನಾಳಿ ಕರಕೊಂತಾನ."

ನಾನು ಬೀರಪ್ಪನ ಕಲ್ಲಿಗೆ ಒರಗಿ ಕೂತುಬಿಟ್ಟೆ. ವಾಪಸು ಕರೆಸಿಕೋ ಅಂತ ಎರಚಿದ ಧೂಳು! ಅದರಲ್ಲಿ ಹಳೆಯ ಹಟ್ಟಿಯ ನೆಲದೀಪದ ಚೂರುಗಳಿದ್ದವು. ಮೂಗು ಅವನ್ನು ಎಳೆದುಕೊಂಡು, ಕುರುಬರಿಲ್ಲದೆ ಗಿಡ ಸುಖವಾಗಿದೆ ಅಂತ ಬರೆಯುತ್ತಿತ್ತು. ಅವನ ಹರಕೆಯೇ ಅವನನ್ನು ಹೊರಗಿಟ್ಟಿತ್ತು. ಇದನ್ನು ಅವನಿಗೆ ಹೇಳಲಿಲ್ಲ. ಒಂದು ಬೊಗಸೆ ಧೂಳು ಕೇಳಿ ಇಸಕೊಂಡು ಬಂದೆ.

ಮನೆಯಲ್ಲಿ ಅದನ್ನು ಹಿಟ್ಟಿನ ಜರಡಿಯಲ್ಲಿ ಸೋಸಿದೆ. ರಾಗಿ ಕಾಳಿಗಿಂತ ಸಣ್ಣ ಬೀಜಗಳು ಉಳಿದವು. ಎಲ್ಲವನ್ನೂ ಮರಳುಕಾಗದದ ಮೇಲೆ ಮೆಲ್ಲಗೆ ಉಜ್ಜಿ, ಹಿಕ್ಕೆ ಬೆರೆಸಿದ ಮಣ್ಣಿನ ಕುಂಡದಲ್ಲಿ ಹಾಕಿ ಮಾಳಿಗೆಯ ಮೇಲಿಟ್ಟೆ. ಹಲ್ಲುಜ್ಜುವ ಮೊದಲು ಮಾಳಿಗೆ ಹತ್ತುವುದು ಚಟವಾಯಿತು. ಒಂದು ದಿನ ಬೆಳಗ್ಗೆ ಎರಡೆಲೆಯ ಸಸಿ ಕಂಡಿತು, ಅದರ ಬೆನ್ನಿಗೇ ಇನ್ನೆರಡು. ಖುಷಿಗೆ ಅಳು ಬಂತು. ಗಿಡ ಸತ್ತಿರಲಿಲ್ಲ. ಅಪ್ಪನ ಚೀಲಗಳಲ್ಲಿ ಮಲಗಿತ್ತು.

ಕುಂಡವನ್ನು ಎತ್ತಿಕೊಂಡು ಹೋಗಿ ಮೇಡಂ ಮೇಜಿನ ಮೇಲಿಟ್ಟೆ. ಅಮಾವಾಸ್ಯೆಯ ಕಥೆಯನ್ನೂ ಬಿಡದೆ ಹೇಳಿದೆ. ಒಂದು ಹಿಂಡು, ಒಂದು ಮಳೆಗಾಲ, ಆ ಧೂಳು ಹರಡಿ ಅದರ ಮೇಲೆ ಹಟ್ಟಿ ಹಾಕಿದರೆ ಸಾಕು, ಗುಡ್ಡದಲ್ಲಿ ನೆಲದೀಪ ಮತ್ತೆ ಬರುತ್ತದೆ ಅಂದೆ. ಮೇಡಂ ಸಸಿಯನ್ನು ಬೆರಳಿನಿಂದ ಮುಟ್ಟಿದರು. ಅವರು ಗಿಡ ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಬಾಗಿಲು ಮುಚ್ಚಿ ಬಂದು ಹೇಳಿದರು. "ಹಾಲವ್ವ, ಗಿಡ ಇಲ್ಲ ಅಂತ ಗೊತ್ತಾದ್ರ ಆ ಗುಡ್ಡ ನಿಮ್ಮಪ್ಪಗ ಬರೂದಿಲ್ಲ. ಕಲ್ಲುಗಣಿಯವರು ಅರ್ಜಿ ಹಾಕಿ ಕೂತಾರ. ಈ ಗೆರಿ ಸೊನ್ನಿಗೆ ಬಂದ ದಿನಾನ ಡೈನಮೈಟ್ ತಗೊಂಡು ಬರ್ತಾರ."

ನನಗೆ ಅದು ಗೊತ್ತಿರಲಿಲ್ಲ. ಅತ್ತ ದರಿ, ಇತ್ತ ಪುಲಿ. ಮೇಡಂ ಒಂದು ಹಂಚಿಕೆ ಹೇಳಿದರು. ಕುರಿ ಬಿಡಲು ವಿಶೇಷ ಅನುಮತಿ ಕೇಳಿ ಅವರೇ ಮೇಲಕ್ಕೆ ಬರೆಯುತ್ತಾರೆ. ಉತ್ತರ ಬರುವವರೆಗೆ ಯಾರೂ ಬಾಯಿ ಬಿಡಬಾರದು. ಧೂಳಿನ ಚೀಲಗಳು ರಸ್ತೆ ಪಕ್ಕದಲ್ಲಿ ನೆನೆದು ಹಾಳಾಗುವ ಬದಲು ನಮ್ಮ ಉಗ್ರಾಣದಲ್ಲಿರಲಿ. ನನಗೆ ಸರಿ ಅನಿಸಿತು. ಯಾರಿಗಾದರೂ ಸರಿ ಅನಿಸುತ್ತಿತ್ತು.

ಚೀಲ ಕೇಳಲು ಮೇಡಂ ತಾವೇ ಬೈಪಾಸಿಗೆ ಬಂದರು. ಕಂಬಳಿಯ ಮೇಲೆ ಕೂತು ಅವ್ವ ಕೊಟ್ಟ ಚಹಾ ಕುಡಿದರು. ಅಪ್ಪನ ಸಂತೋಷ ನೋಡಬೇಕಿತ್ತು. ಅಷ್ಟು ದೊಡ್ಡ ಆಫೀಸರು ಹಟ್ಟಿಯ ಧೂಳು ಕೇಳಿಕೊಂಡು ಬಂದಿದ್ದಾರೆ ಅಂದರೆ ಬೀರಪ್ಪನೇ ಕಳಿಸಿರಬೇಕು ಅಂದುಕೊಂಡ. ಎಷ್ಟು ಬೇಕು ಅಂತ ಕೇಳಲಿಲ್ಲ, ಇದ್ದದ್ದೆಲ್ಲ ಕೊಟ್ಟ. ಪದ್ಧತಿಗೆ ಒಂದು ಬೊಗಸೆಯಾದರೂ ಇಟ್ಟುಕೋ ಅಂತ ಅವ್ವ ಅಂದಳು. ಗುಡ್ಡಕ್ಕೇ ಹೊಂಟೀವಿ, ಇಲ್ಲಿ ಇಟ್ಟುಕೊಂಡು ಏನು ಮಾಡೂದು ಅಂತ ಅವಳ ಬಾಯಿ ಮುಚ್ಚಿಸಿದ. ಮೈಲಾರಿ ಕೂಡ ಚೀಲ ಹೊತ್ತು ಜೀಪಿಗೆ ಹಾಕಿದ. ಆ ವಾರ ಅಪ್ಪ ಹಟ್ಟಿಯ ತಡಿಕೆ ಬಿಗಿಯುವ ಹಗ್ಗಗಳನ್ನು ಹೊಸದಾಗಿ ಹೊಸೆದ.

ಎರಡು ತಿಂಗಳು ಕಳೆದವು. ಅಮಾವಾಸ್ಯೆಗೆ ಎರಚಲು ಧೂಳಿಲ್ಲ, ಗೆರೆ ಇಳಿಯತೊಡಗಿತು. ಮೇಲಿನಿಂದ ಉತ್ತರ ಬಂತು: ಗಿಡದ ಪ್ರಮಾಣ ಕಡಿಮೆಯಾಗುತ್ತಿರುವ ಈ ಸಮಯದಲ್ಲಿ ಕುರಿಗಳಿಗೆ ಅವಕಾಶ ಕೊಡಲಾಗದು. ಅದರ ಜೊತೆಗೇ ಪರಿಶೀಲನಾ ಸಮಿತಿ ಬರುವ ಸುದ್ದಿಯೂ ಬಂತು. ಮತ್ತೆ ಬರೆಯೋಣ ಅಂದೆ. ಬರೆಯೋಣ, ಮೊದಲು ಸಮಿತಿ ಬಂದು ಹೋಗಲಿ ಅಂದರು ಮೇಡಂ. ನನ್ನ ಮುಖ ನೋಡಿ ಹೇಳಲಿಲ್ಲ ಅನ್ನುವುದು ಆಗ ಹೊಳೆಯಲಿಲ್ಲ.

ಸಮಿತಿ ಬಂದ ದಿನ ಕಂಟ್ರೋಲ್ ರೂಮು ತುಂಬಿತ್ತು. ಪಡುವಣ ಮಗ್ಗುಲಿನ ಗೆರೆ ಬೆಳಗ್ಗಿನಿಂದಲೇ ಏರುತ್ತಿತ್ತು. ಏರಿತು, ಇನ್ನೂ ಏರಿತು, ಪರದೆಯ ಅಂಚಿಗೆ ಹೋಗಿ ನಿಂತಿತು. ಸಮಿತಿಯವರು ಚಪ್ಪಾಳೆ ತಟ್ಟಿದರು. ಯಾರೋ ನನ್ನ ಕೈ ಕುಲುಕಿದರು. ಮೇಡಂ ಧೂಳು ಎರಚಿಸಿದ್ದಾರೆ ಅಂತ ನನಗೆ ಕೂಡಲೇ ತಿಳಿಯಿತು, ಆಫೀಸಿನ ಡ್ರೋನ್ ಹೊರಗೆ ತೆಗೆದದ್ದನ್ನು ಬರುವಾಗಲೇ ನೋಡಿದ್ದೆ. ಆದರೆ ಇಷ್ಟು? ಅಪ್ಪ ಹತ್ತಾರು ಬೊಗಸೆ ಎರಚಿದಾಗಲೂ ಇದರ ಕಾಲುಭಾಗ ಬಂದಿರಲಿಲ್ಲ. ಧೂಳಿನಲ್ಲಿರುವುದು ಹಳೆಯ ಎಲೆಯ ಚೂರು, ಅದರಿಂದ ಗೆರೆ ಇಷ್ಟು ಏರಲಾರದು. ಇಷ್ಟೊಂದು ಡಿಎನ್‌ಎ ಕೆಡದೆ ಉಳಿದಿರುವುದು ಒಂದೇ ಕಡೆ, ಆ ಕಲ್ಲಿನಂಥ ಸಿಪ್ಪೆಯ ಒಳಗೆ.

ಹಿತ್ತಲಿಗೆ ಓಡಿದೆ. ಉಗ್ರಾಣದ ಮುಂದೆ ಬೀಸುವ ಯಂತ್ರವಿತ್ತು, ಮಣ್ಣಿನ ಮಾದರಿ ಪುಡಿ ಮಾಡುವುದಕ್ಕೆ ಇಟ್ಟದ್ದು. ಅದರ ಬಾಯಿಗೆ ಹಟ್ಟಿಯ ಧೂಳು ಮೆತ್ತಿತ್ತು. ಖಾಲಿ ಚೀಲಗಳನ್ನು ಕೊಡವಿ ಮಡಿಸಿ ಜೋಡಿಸಿದ್ದರು. ಒಂದೊಂದನ್ನೇ ಒಳಮಗ್ಗುಲು ತಿರುವಿ ಹೊಲಿಗೆಗಳಲ್ಲಿ ಉಗುರು ಹಾಕಿ ಕೆದಕಿದೆ, ಒಂದು ಬೀಜವೂ ಸಿಗಲಿಲ್ಲ. ಮೇಡಂ ಹಿಂದೆಯೇ ಬಂದರು.

"ನುಣ್ಣಗಾದಷ್ಟೂ ಗಾಳಿಗೆ ಛಲೋ ಏಳ್ತದ ಅಂತ ನಮ್ಮ ಹುಡುಗರು ಅಂದ್ರು," ಅಂದರು. "ಬೀಜ ತಗದಿಟ್ಟು ಬೀಸ್ರಿ ಅಂತ ಹೇಳೂದು ಮರತುಹೋತು, ಹಾಲವ್ವ. ಗುಡ್ಡ ಉಳೀಲಿ ಅನ್ನೂದೊಂದ ತಲ್ಯಾಗಿತ್ತು."

ಗುಡ್ಡ ಉಳಿಯಿತು, ಸುಳ್ಳಲ್ಲ. ಗಣಿಯವರ ಅರ್ಜಿ ಅದೇ ತಿಂಗಳು ವಜಾ ಆಯಿತು. ನಾನು ವಾಪಸು ಮಾಳಿಗೆಗೆ ತಂದಿಟ್ಟಿದ್ದ ಸಸಿಗಳು ಆಗಲೇ ಒಣಗಿದ್ದವು. ಹೂವಂತೂ ಬಿಟ್ಟಿದ್ದವು, ಬೀಜ ಕಟ್ಟಲಿಲ್ಲ. ಬೀರಪ್ಪನ ಕಲ್ಲಿನ ಸುತ್ತ, ಹಳೆಯ ಹಟ್ಟಿಯ ಜಾಗಗಳಲ್ಲಿ ಕೂಡ ಮಣ್ಣು ಸೋಸಿ ನೋಡಿದೆ, ಒಂದು ಬೀಜವೂ ಉಳಿದಿರಲಿಲ್ಲ. ಬೀಜ ಕಟ್ಟಲು ಯಾವ ಹುಳು ಬರಬೇಕು ಅನ್ನುವುದು ಯಾರಿಗೂ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ.

ಭಾನುವಾರ ಬೈಪಾಸಿಗೆ ಹೋದೆ. ಮುಗಿಲು ಕಪ್ಪಾಗಿತ್ತು. ಇಲ್ಲಿಂದ ಹಟ್ಟಿ ಯಾವತ್ತು ಕೀಳೋಣ ಅಂತ ಅಪ್ಪ ಕೇಳಿದ. ಈ ಸಲ ಏನೂ ಬಚ್ಚಿಡಲಿಲ್ಲ. ಅಮಾವಾಸ್ಯೆಯ ಧೂಳು ಏನು ಮಾಡಿತು, ಚೀಲಗಳಿಗೆ ಏನಾಯಿತು, ಎಲ್ಲ ಹೇಳಿದೆ. ಅವ್ವ ನಡುವೆ ಎದ್ದುಹೋದಳು. ಅಪ್ಪ ಕೊನೆತನಕ ಕೇಳಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹಂಗಾದ್ರ ಆ ಗಿಡ ಈಗ ಗುಡ್ಡದಾಗ ಇಲ್ಲ?" ಅಂದ.

"ಇಲ್ಲಪ್ಪ. ಎಲ್ಲೂ ಇಲ್ಲ."

"ಮತ್ತ ಈಗ ನಾವು ಹೋದ್ರ ಯಾರಿಗೇನು ತ್ರಾಸು?"

ನಾನು ಸಸ್ಯಶಾಸ್ತ್ರ ಓದಿದವಳು. ಕಾಗದದಲ್ಲಿ ಅದು ಇನ್ನೂ ಇದೆ, ಬೇಲಿ ತೆಗೆಯುವುದಿಲ್ಲ ಅಂದೆ. ಮೈಲಾರಿ ಮಂಗಳವಾರದ ಸಂತೆಗೆ ಹಿಂಡು ಹೊಡೆದುಕೊಂಡು ಹೋದ. ಅಪ್ಪ ರಸ್ತೆ ದಾಟಿಸುವ ತನಕ ಮುಂದೆ ನಡೆದು, ಲಾರಿಗಳನ್ನು ಕೈಯೆತ್ತಿ ನಿಲ್ಲಿಸಿ, ಕೊನೆಯ ಮರಿ ದಾಟಿದ ಮೇಲೆ ಆ ಬದಿಯಲ್ಲೇ ಕೂತುಬಿಟ್ಟನಂತೆ.

ಆ ಹೊತ್ತಿಗೆ ನಾನು ಕಂಟ್ರೋಲ್ ರೂಮಿನಲ್ಲಿದ್ದೆ. ವರ್ಷದ ಸಮೀಕ್ಷಾ ವರದಿ ನನ್ನ ಮುಂದೆ ಬಂದಿತ್ತು. ನೆಲದೀಪ, ಇದೆಯೋ ಇಲ್ಲವೋ? ಇಲ್ಲ ಅಂತ ಬರೆದರೆ ಗಣಿಯವರು ಮತ್ತೆ ಬರುತ್ತಾರೆ, ಆ ಬೀರಪ್ಪನ ಕಲ್ಲೂ ಉಳಿಯುವುದಿಲ್ಲ. ಇದೆ ಅಂತ ಬರೆದೆ. ಕೆಳಗೆ ಇನ್ನೊಂದು ಪ್ರಶ್ನೆಯಿತ್ತು, ಗಿಡಕ್ಕೆ ಯಾವುದರಿಂದ ಅಪಾಯ ಅಂತ. ಅದನ್ನು ಮೊದಲ ವರ್ಷವೇ ತುಂಬಿಟ್ಟಿದ್ದರು, ಬದಲಿಸುವ ಅಧಿಕಾರ ನನಗಿಲ್ಲ. 'ಕುರಿ' ಅಂತ ಇತ್ತು. ಅದರ ಕೆಳಗೆ ಸಹಿ ಹಾಕಿದೆ.